ಸೈನಿಕರು ಕುಡಿದುಹೋದ ಬಿಯರಿಗೆ ದುಡ್ಡು ಕೊಡೋರು ಯಾರು?

ಪ್ರಶ್ನೆ: 17ನೇ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಸೈನಿಕರು ಹೊತ್ತೊಯ್ದ ಮಾಲಿಗೆ ಹೆಂಡದಂಗಡಿಯವರು ಪರಿಹಾರ ಕೇಳುತ್ತಿದ್ದರಂತೆ. ದುಡ್ಡು ಸಿಗುತ್ತಿತ್ತಾ?

ಉತ್ತರ: ಹೆಚ್ಚಿನವರಿಗೆ ಇಲ್ಲ. ಆದರೂ ಅವರ ನಷ್ಟವನ್ನು ಪೈಸೆ ಪೈಸೆ ಬರೆದುಕೊಂಡರು. ಯಾಕೆ ಅನ್ನೋದೇ ಸ್ವಾರಸ್ಯ.

1642ರಲ್ಲಿ ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯಿತು. ಎರಡೂ ಕಡೆ ಸಂಬಳಕ್ಕೆ ದುಡ್ಡಿನ ಕೊರತೆ. ಪಾರ್ಲಿಮೆಂಟಿನ ಕಾಲಾಳಿಗೆ ದಿನಕ್ಕೆ 8 ಪೆನ್ನಿ ಅಂತ ಲೆಕ್ಕವೇನೋ ಇತ್ತು, ಅದು ಕೈಗೆ ಬರುವಾಗ ತಿಂಗಳುಗಳೇ ಕಳೆದಿರುತ್ತಿದ್ದವು. ಹಾಗಾಗಿ ಊರವರ ಮನೆಗಳಲ್ಲಿ ಬಿಟ್ಟಿ ಊಟ, ಬಿಟ್ಟಿ ಬಿಡಾರ. ಏಲ್‌ಹೌಸ್ (ಬಿಯರ್ ಮಾರುವ ಹೆಂಡದಂಗಡಿ) ಸಿಕ್ಕರಂತೂ ಹಬ್ಬ: ಬಿಯರ್, ಹಾಸಿಗೆ, ಕುದುರೆಗೆ ಹುಲ್ಲು, ಎಲ್ಲ ಒಂದೇ ಕಡೆ. ಹೊರಡುವಾಗ ಅಧಿಕಾರಿ ಚೀಟಿ ಬರೆದುಕೊಡಬೇಕಿತ್ತು. ಇಷ್ಟು ಜನ, ಇಷ್ಟು ದಿನ ಇದ್ದೆವು, ಸಂಬಳ ಬಂದಾಗ ತೀರಿಸುತ್ತೇವೆ ಅಂತ. ಆದರೆ ಹೊದಿಕೆ, ತಟ್ಟೆ, ಲೋಟ ಗಂಟು ಕಟ್ಟಿಕೊಂಡು ಹೋಗೋರು ಚೀಟಿ ಕೊಡ್ತಾರಾ? ಸಾಲದ್ದಕ್ಕೆ 1643ರಲ್ಲಿ ಪಾರ್ಲಿಮೆಂಟು ಬಿಯರಿನ ಮೇಲೆ ಎಕ್ಸೈಸ್ ತೆರಿಗೆ ಬೇರೆ ಹಾಕಿತು.

1644ರಲ್ಲಿ ಇಡೀ ದೇಶದ ಲೆಕ್ಕ ನೋಡಲು ಪಾರ್ಲಿಮೆಂಟು ಒಂದು ಸಮಿತಿ ಮಾಡಿತು. ವಿಲಿಯಂ ಪ್ರಿನ್ ಅನ್ನೋ ವಕೀಲ ಅದರ ಅಧ್ಯಕ್ಷ. ಊರೂರಿನಿಂದ ಪಟ್ಟಿ ತರಿಸಿದರು: ಯಾವ ಕ್ಯಾಪ್ಟನ್ನಿನ ಜನ ಬಂದರು, ಏನು ತಗೊಂಡರು, ಬೆಲೆ ಎಷ್ಟು. ಇಂಗ್ಲೆಂಡಿನ ನಡುಭಾಗದ ವಾರ್ವಿಕ್‌ಶೈರ್ ಕಡೆಯ ಪಟ್ಟಿಗಳು ಜಾಸ್ತಿ ಉಳಿದಿವೆ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಈಗಲೂ ನೋಡಬಹುದು.

ಇವನ್ನು ಓದಿದರೆ ಪರಿಹಾರದ ಅರ್ಜಿ ಅಂತಲೇ ಅನ್ನಿಸುತ್ತೆ. ಬರೆಸಿದವರಿಗೂ ಆ ಆಸೆ ಇದ್ದಿರಬೇಕು. ಸಮಿತಿಗೆ ಬೇಕಿದ್ದದ್ದು ಬೇರೆ. ಜನರಿಂದ ವಸೂಲಿ ಮಾಡಿದ್ದಕ್ಕೆ ಅಧಿಕಾರಿಗಳು ಲೆಕ್ಕ ಕೊಟ್ಟಿದ್ದಾರಾ, ಬಿಟ್ಟಿ ಊಟವನ್ನೂ ಉಂಡು ಪೂರ್ತಿ ಸಂಬಳವನ್ನೂ ಕೇಳುತ್ತಿದ್ದಾರಾ ಅನ್ನೋದು. ಉಂಡದ್ದನ್ನು ಸೈನಿಕನ ಸಂಬಳದ ಬಾಕಿಯಲ್ಲಿ ಮುರಿದುಕೊಂಡರು. ಹಾಗೆ ಉಳಿತಾಯವಾದ ದುಡ್ಡು ಸರ್ಕಾರದ್ದು. ಅಂಗಡಿಯವನ ಪೀಪಾಯಿ ಖಾಲಿಯೇ!

ಹಾಗಾದರೆ ಕೋರ್ಟಿಗೆ ಹೋಗಬಹುದಿತ್ತಲ್ವಾ? ಕೆಲವರು ಹೋದರು. ಆದರೆ ಪಾರ್ಲಿಮೆಂಟಿನ ಕೆಲಸದಲ್ಲಿ ಮಾಡಿದ್ದಕ್ಕೆ ಸೈನಿಕರ ಮೇಲೆ ದಾವೆ ನಡೆಯದಂತೆ 1647ರಲ್ಲಿ ರಕ್ಷಣೆ ಕೊಟ್ಟರು. ರಾಜನ ಕಡೆಯವರು ದೋಚಿದ್ದರೆ, ಅವರೇ ಸೋತಿದ್ದರು, ಕೇಳೋದು ಯಾರನ್ನ? 1660ರಲ್ಲಿ ಒಂದನೇ ಚಾರ್ಲ್ಸ್‌ನ ಮಗ ಎರಡನೇ ಚಾರ್ಲ್ಸ್ ರಾಜನಾಗಿ ಬಂದ ಮೇಲೆ, ಆದದ್ದೆಲ್ಲ ಮರೆತುಬಿಡೋಣ ಅಂತ ಕಾನೂನೇ ಆಯಿತು.

ಅಂದಹಾಗೆ, ಈ ಪಟ್ಟಿಗಳ ಅಂಕಿಗಳನ್ನು ಹಾಗೆಯೇ ನಂಬಬೇಡಿ. ಹೋದ ಮಾಲಿಗೆ ಬೆಲೆ ಕಟ್ಟುತ್ತಿದ್ದವನು ಕಳೆದುಕೊಂಡವನೇ.