“ಮನಿಗೆ ಹೊಂಟೀನಿ” ಎನ್ನುವ ಆಯಿಗೆ ಏನು ಹೇಳಬೇಕು?

ಸಂಜೆ ಐದಾಗುತ್ತಿದ್ದಂತೆ ಆಯಿ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. “ಮನಿಗೆ ಹೊಂಟೀನಿ. ಎಮ್ಮಿ ಹಿಂಡೂ ಹೊತ್ತಾತು.” ಬಾಗಲಕೋಟೆಯ ನವನಗರದ ಒಂದು ವೃದ್ಧಾಶ್ರಮ ಇದು. ಎಮ್ಮೆ ಇಲ್ಲ. ಮನೆಯೂ ಇಲ್ಲ. ಹಳೇ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿದ್ದ ಆ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು.

ಈ ಮಾತಿಗೆ ಏನು ಉತ್ತರ ಕೊಡಬೇಕು? ಕೇಳಲು ಸಣ್ಣ ಪ್ರಶ್ನೆ. ಆದರೆ ಡಿಮೆನ್ಷಿಯಾ, ಅಂದರೆ ನೆನಪು, ತಿಳಿವಳಿಕೆ ಕುಂದುತ್ತಾ ಹೋಗುವ ಕಾಯಿಲೆ, ಅದರ ಆರೈಕೆಯ ಅರವತ್ತು ವರ್ಷಗಳ ವಾದವೆಲ್ಲ ಇದರ ಸುತ್ತಲೇ ತಿರುಗಿದೆ.

ಡಿಮೆನ್ಷಿಯಾದ ಮುಖ್ಯ ಬಗೆಯಾದ ಆಲ್ಝೈಮರ್ ಕಾಯಿಲೆಗೆ ಹೆಸರು ಬಂದ ಕಥೆಯನ್ನು ಚುಟುಕಾಗಿ ಹೇಳಿಬಿಡೋಣ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ತನ್ನ ರೋಗಿಯೊಬ್ಬಳ ಮಿದುಳಿನಲ್ಲಿ ಕಂಡ ಗಂಟು, ಕಲೆಗಳನ್ನು ವಿವರಿಸಿದ. 1910ರಲ್ಲಿ ಅವನ ಹೆಸರೇ ಕಾಯಿಲೆಗೆ ಬಂತು. ಆಮೇಲೆ ಎಷ್ಟೋ ವರ್ಷ ಇದು ಮುಪ್ಪಿನ ಸಹಜ ಗುಣ ಎಂದೇ ನಡೆಯಿತು. ನಮ್ಮಲ್ಲಂತೂ ‘ಅರವತ್ತಕ್ಕೆ ಅರಳುಮರುಳು’ ಅಂದು ಮುಗಿಸಿದೆವು.

1960ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಒಂದು ಪದ್ಧತಿ ಬೆಳೆಯಿತು. ಗೋಡೆಯ ಬೋರ್ಡಿನ ಮೇಲೆ ವಾರ, ತಾರೀಖು, ಊರಿನ ಹೆಸರು ಬರೆಯುವುದು. ಮುದುಕರು ತಪ್ಪು ಹೇಳಿದಾಗೆಲ್ಲ ತಿದ್ದುವುದು. ಆ ಲೆಕ್ಕದಲ್ಲಿ ಆಯಿಗೆ ಹೇಳಬೇಕಾದ್ದು, “ನಿಮ್ಮ ಮನಿ ಮುಳುಗೈತಿ.” ಸುಳ್ಳೇನಲ್ಲ. ಆದರೆ ನಿನ್ನೆ ಹೇಳಿದ್ದು ಆಯಿಗೆ ಇವತ್ತು ನೆನಪಿರುವುದಿಲ್ಲ. ಹಾಗಾಗಿ ದಿನಾ ಸಂಜೆ ಆ ಮನೆ ಹೊಸದಾಗಿ ಮುಳುಗುತ್ತದೆ. ಅಲ್ಲಿನ ಸಮಾಜ ಕಾರ್ಯಕರ್ತೆ ನವೋಮಿ ಫೀಲ್ ಎಂಬಾಕೆ ಈ ಪದ್ಧತಿಯಿಂದಲೇ ಕೆಲಸ ಶುರುಮಾಡಿ, ಕೊನೆಗೆ ಕೈಬಿಟ್ಟರು. ತಿದ್ದಬೇಡಿ, ಆ ಮಾತಿನ ಹಿಂದಿನ ತಳಮಳ ಕೇಳಿಸಿಕೊಳ್ಳಿ ಎಂದರು.

ಇದೆಲ್ಲಕ್ಕಿಂತ ಸುಲಭದ ದಾರಿ ಇನ್ನೊಂದಿತ್ತು. ಕುರ್ಚಿಗೆ ಕಟ್ಟುವುದು, ಇಲ್ಲವೇ ಮಾತ್ರೆ ಕೊಟ್ಟು ಸುಮ್ನೆ ಕೂರಿಸುವುದು. ಅಮೆರಿಕದ ನರ್ಸಿಂಗ್ ಹೋಂಗಳಲ್ಲಿ ಇದು ಎಷ್ಟು ಹಬ್ಬಿತ್ತೆಂದರೆ, 1987ರಲ್ಲಿ ಕಾನೂನು ಮಾಡಿಯೇ ಕಡಿವಾಣ ಹಾಕಬೇಕಾಯಿತು. (ನಮ್ಮಲ್ಲಿ ನರ್ಸಿಂಗ್ ಹೋಂ ಅಂದರೆ ಹೆರಿಗೆ, ಆಪರೇಷನ್ ಮಾಡುವ ಸಣ್ಣ ಆಸ್ಪತ್ರೆ. ಅಲ್ಲಿ ಅದು ಮುದುಕರು ವರ್ಷಗಟ್ಟಲೆ ಉಳಿಯುವ ಜಾಗ.) ಮನೋರೋಗದ ಕೆಲವು ಮಾತ್ರೆಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಸುಮಾರು 1.6ರಿಂದ 1.7 ಪಟ್ಟು ಹೆಚ್ಚಿಸುತ್ತವೆ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದ್ದು 2005ರಲ್ಲಿ.

ಈ ಕಥೆಯಲ್ಲಿ ನನಗೆ ಹತ್ತಿರದ ಮನುಷ್ಯ ಟಾಮ್ ಕಿಟ್‌ವುಡ್. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ, ಮೊದಲು ಪಾದ್ರಿಯಾಗಿದ್ದವರು. ಅವರು ಮಾಡಿದ್ದು ಸರಳ ಕೆಲಸ: ಆಶ್ರಮದ ಪಡಸಾಲೆಯ ಮೂಲೆಯಲ್ಲಿ ಕುಳಿತು ನೋಡುವುದು. ಅವರ ತಂಡ ರೂಪಿಸಿದ ವಿಧಾನದಲ್ಲಿ, ನೋಡುವವರು ಗಂಟೆಗಟ್ಟಲೆ ಕೂತು, ಐದೈದು ನಿಮಿಷಕ್ಕೊಮ್ಮೆ ಒಬ್ಬೊಬ್ಬ ವೃದ್ಧರ ಬಗ್ಗೆ ಬರೆದುಕೊಳ್ಳುತ್ತಾರೆ. ಈ ಹೊತ್ತಿನಲ್ಲಿ ಏನು ಮಾಡುತ್ತಿದ್ದರು? ಯಾರಾದರೂ ಮಾತಾಡಿಸಿದರಾ? ಮುಖ ಹೇಗಿತ್ತು?

ಹೀಗೆ ನೋಡಿ ನೋಡಿ ಅವರು ಮನಸ್ಸು ಕುಗ್ಗಿಸುವ 17 ಬಗೆಯ ನಡವಳಿಕೆಗಳನ್ನು ಗುರುತಿಸಿದರು. ಮಗುವಿನ ಹಾಗೆ ಗದರಿಸುವುದು. ಎದುರಿಗೇ ಕುಳಿತಿದ್ದರೂ ಇಲ್ಲವೇನೋ ಎಂಬಂತೆ ಅವರ ಬಗ್ಗೆಯೇ ಮಾತಾಡುವುದು. ತುತ್ತು ನುಂಗುವ ಮೊದಲೇ ಇನ್ನೊಂದು ತುತ್ತು ಹಿಡಿಯುವುದು. ಕೆಡುವುದು ಮಿದುಳಷ್ಟೇ ಅಲ್ಲ, ಸುತ್ತಲಿನವರ ನಡತೆಯೂ ಮನುಷ್ಯನನ್ನು ಕೆಡಿಸುತ್ತದೆ ಅನ್ನುವುದು ಅವರ ವಾದ. ಇದಕ್ಕೆ ಪುರಾವೆ ಸಾಲದು ಎಂಬ ಟೀಕೆಯೂ ಬಂತು. ಇನ್ನೊಂದು ಮಾತು ಅವರು ಒತ್ತಿ ಹೇಳಿದ್ದರು: ಹೀಗೆ ಮಾಡುವವರು ಕೆಟ್ಟವರಲ್ಲ. ಕೆಲಸಕ್ಕೆ ಸೇರಿದಾಗ ಹಳಬರು ಮಾಡುತ್ತಿದ್ದುದನ್ನೇ ಕಲಿತವರು. 1997ರಲ್ಲಿ ಈ ವಿಚಾರಗಳನ್ನೆಲ್ಲ ಪುಸ್ತಕ ಮಾಡಿದ ಕಿಟ್‌ವುಡ್ ಮರುವರ್ಷವೇ ತೀರಿಕೊಂಡರು.

ನಮ್ಮ ದೇಶದಲ್ಲಿ ಕೆಲಸ ಶುರುವಾದದ್ದು 1992ರಲ್ಲಿ, ಕೇರಳದಲ್ಲಿ ಹುಟ್ಟಿದ ಆಲ್ಝೈಮರ್ಸ್ ಸೊಸೈಟಿಯಿಂದ. 2010ರ ಅವರ ವರದಿ ದೇಶದಲ್ಲಿ 37 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದಿತು. 2023ರ ಅಧ್ಯಯನವೊಂದು 88 ಲಕ್ಷ ಎಂದಿತು. ಎಣಿಸುವ ರೀತಿಯೂ ಬದಲಾಗಿದೆ ಅನ್ನಿ. 2007ರ ಹಿರಿಯ ನಾಗರಿಕರ ಕಾನೂನು ಜಿಲ್ಲೆಗೊಂದಾದರೂ 150 ಜನ ಹಿಡಿಸುವ ವೃದ್ಧಾಶ್ರಮ ಇರಲಿ ಎನ್ನುತ್ತದೆ. ಔಷಧೋಪಚಾರ, ಮನರಂಜನೆ ಬೇಕು ಎನ್ನುತ್ತದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳಿನ ಆರೋಗ್ಯದ ಕಾರ್ಯಕ್ರಮ ತಂದಿತು. ಕಾಯಿಲೆ ಬೇಗ ಪತ್ತೆಯಾದರೆ ಒಳ್ಳೆಯದೇ. ಆದರೆ ಪತ್ತೆಯಾದ ಮೇಲೆ ಸಂಜೆ ಐದಕ್ಕೆ ಬಾಗಿಲಲ್ಲಿ ನಿಲ್ಲುವವರ ಜೊತೆ ಮಾತಾಡೋದು ಯಾರು?

ನವನಗರದ ಆ ಆಶ್ರಮದಲ್ಲಿ ಸದ್ಯಕ್ಕೆ ಒಬ್ಬ ಅಕ್ಕ ಇದ್ದಾರೆ. ಅವರೂ ಹಳೇ ಊರಿನವರೇ. “ಯಾವ ಓಣಿ ಆಯಿ ನಿಮ್ದು?” ಅಂತಾರೆ. ಆಯಿ ಓಣಿ ಹೇಳುತ್ತಾರೆ. ಹೋಳಿ ಹಬ್ಬಕ್ಕೆ ಬಣ್ಣದ ಬಂಡಿ ಬಂದಾಗ, ಹಲಗೆ ಸದ್ದಿಗೆ ಬೆದರಿ ಎಮ್ಮೆ ಹಗ್ಗ ಹರಿದುಕೊಂಡು ಓಡಿದ್ದು ಹೇಳುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ. ಕುಳಿತು ಕುಡಿಯುತ್ತಾರೆ. ಇದನ್ನು ಅಕ್ಕನಿಗೆ ಯಾರೂ ಕಲಿಸಿದ್ದಲ್ಲ. ಇದಕ್ಕೆಂದು ಪಗಾರವೂ ಜಾಸ್ತಿ ಸಿಗುವುದಿಲ್ಲ.

ರಾತ್ರಿ ಎಂಟಕ್ಕೆ ಅವರ ಪಾಳಿ ಮುಗಿಯುತ್ತದೆ. ಆಮೇಲೆ ಬರುವ ಹುಡುಗಿ ಬಾದಾಮಿ ಕಡೆಯವಳು, ಹಳೇ ಓಣಿ ನೋಡಿದವಳಲ್ಲ. ಆಯಿಯ ಫೈಲಿನಲ್ಲಿ ಬಿಪಿ, ಸಕ್ಕರೆ, ಮಾತ್ರೆ ಎಲ್ಲ ಬರೆದಿದೆ. ಎಮ್ಮೆ ವಿಷಯ ಬರೆದಿಲ್ಲ.