ದೆವ್ವದ ಸಿನಿಮಾಗಳಿಗೆ ಬಸುರಿಯೇ ಏಕೆ ಬೇಕು?

ಪ್ರಶ್ನೆ: ದೆವ್ವದ ಸಿನಿಮಾಗಳಲ್ಲಿ ಮತ್ತೆ ಮತ್ತೆ ಬಸುರಿ, ಬಾಣಂತಿಯರೇ ಏಕೆ ಬರುತ್ತಾರೆ? ತಾಯ್ತನಕ್ಕೆ ಹೀಗೆ ಭಯವನ್ನು ಅಂಟಿಸುವುದು ಸರಿಯೇ?

ಉತ್ತರ: ಈ ಭಯ ಸಿನಿಮಾದವರು ಹುಟ್ಟಿಸಿದ್ದಲ್ಲ. ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಬಾಣಂತಿಯ ಹಾಸಿಗೆಯ ಬಳಿ ಕಬ್ಬಿಣ ಇಡುವುದು, ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸುವುದು, ಐದನೆಯ ದಿನ ಶೆಟಿಗೆವ್ವನನ್ನು ಪೂಜಿಸಿ ಕೂಸಿನ ಹಣೆಬರಹ ಚಲೋ ಬರೆಯವ್ವಾ ಎಂದು ಬೇಡಿಕೊಳ್ಳುವುದು, ಇವೆಲ್ಲ ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟೆಂದು ಅನುಭವದಿಂದಲೇ ಅರಿತಿದ್ದವರ ಎಚ್ಚರಿಕೆಗಳು. ಆದರೆ ಈ ಬಗೆಯ ಉತ್ತಮ ಚಿತ್ರಗಳು ಹೊರಗಿನಿಂದ ಬರುವ ದೆವ್ವಕ್ಕಿಂತ ಹೆಚ್ಚಾಗಿ ಮನೆಯೊಳಗಿನವರನ್ನೇ ಶಂಕಿಸುತ್ತವೆ.

1968ರಲ್ಲಿ ಬಂದ, ರೋಮನ್ ಪೊಲಾನ್ಸ್ಕಿ ನಿರ್ದೇಶನದ ‘ರೋಸ್‌ಮರೀಸ್ ಬೇಬಿ’ಯನ್ನೇ ನೋಡಿ. ಹೊಟ್ಟೆನೋವು ತಡೆಯಲಾಗುತ್ತಿಲ್ಲ ಎಂದು ರೋಸ್‌ಮರಿ ಎಷ್ಟು ಹೇಳಿದರೂ ಹೆಸರಾಂತ ವೈದ್ಯರು ಅದನ್ನು ತಳ್ಳಿಹಾಕುತ್ತಾರೆ. ಪುಸ್ತಕ ಓದಬೇಡ, ಗೆಳತಿಯರ ಮಾತು ಕೇಳಬೇಡ ಎಂದು ಮೊದಲೇ ಕಟ್ಟಪ್ಪಣೆ ಮಾಡಿರುತ್ತಾರೆ. ನೆರೆಮನೆಯ ಮುದುಕಿ ದಿನವೂ ಏನನ್ನೋ ಅರೆದು ತಂದು ಕುಡಿಸುತ್ತಾಳೆ, ಗಂಡ ಅವರೆಲ್ಲರ ಪರವಾಗಿಯೇ ಮಾತನಾಡುತ್ತಾನೆ. ಕೊನೆಗೆ ಅವಳು ತಪ್ಪಿಸಿಕೊಂಡು ಇನ್ನೊಬ್ಬ ವೈದ್ಯನ ಬಳಿಗೆ ಓಡಿಹೋಗಿ ಎಲ್ಲವನ್ನೂ ಹೇಳುತ್ತಾಳೆ. ಅವನು ಸಮಾಧಾನದಿಂದ ಕೇಳಿಸಿಕೊಂಡು, ಅವಳನ್ನು ಮಲಗಿಸಿ, ಅದೇ ಗಂಡನಿಗೂ ಅದೇ ವೈದ್ಯನಿಗೂ ಫೋನ್ ಮಾಡಿ ಕರೆಸುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಭಯಾನಕವಾಗಿ ಕಂಡದ್ದು ಈ ದೃಶ್ಯ. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ.

1976ರ ‘ದಿ ಓಮನ್’ನಲ್ಲಿಯೂ ಹಾಗೆಯೇ: ಹೆತ್ತ ಕೂಸು ಸತ್ತಿತೆಂದು ಕೇಳಿ ಬೇರೊಂದು ಕೂಸನ್ನು ಒಪ್ಪಿಕೊಳ್ಳುವ ಗಂಡ, ಆ ಸಂಗತಿಯನ್ನು ಹೆಂಡತಿಯಿಂದ ಮುಚ್ಚಿಡುತ್ತಾನೆ.

ನಮಗೆ ಇನ್ನೂ ಹತ್ತಿರದ್ದು, ವಿಶಾಲ್ ಫುರಿಯಾ ನಿರ್ದೇಶಿಸಿದ ಮರಾಠಿಯ ‘ಲಪಾಛಪಿ’. 2021ರಲ್ಲಿ ಅವರೇ ಅದನ್ನು ‘ಛೋರಿ’ ಎಂದು ಹಿಂದಿಯಲ್ಲಿ ಮಾಡಿದರು. ಬಸುರಿಯೊಬ್ಬಳು ಗಂಡನೊಂದಿಗೆ ಕಬ್ಬಿನ ಗದ್ದೆಗಳ ನಡುವಿನ ಒಂಟಿ ಮನೆಗೆ ಬರುತ್ತಾಳೆ. ಮುಧೋಳ, ಜಮಖಂಡಿಯ ಕಡೆಯವರಿಗೆ ಆಳೆತ್ತರ ಬೆಳೆದ ಕಬ್ಬಿನಲ್ಲಿ ದಿಕ್ಕು ತಪ್ಪುವುದೆಂದರೇನೆಂದು ವಿವರಿಸಬೇಕಿಲ್ಲ. ಅಲ್ಲಿ ಕಾಡುವ ಆತ್ಮಗಳ ಹಿಂದೆ ಇರುವುದು ಹೆಣ್ಣು ಕೂಸುಗಳ ಕೊಲೆ. ಲಿಂಗಪತ್ತೆಯನ್ನು ತಡೆಯಲು 1994ರಲ್ಲಿ ಕಾಯ್ದೆಯನ್ನೇ ತರಬೇಕಾಗಿ ಬಂದ ದೇಶದಲ್ಲಿ ಇದನ್ನು ಬರೀ ಕಟ್ಟುಕತೆ ಎನ್ನಲಾಗದು. ಬಸುರಿಯನ್ನು ಅಕ್ಕರೆಯಿಂದ ಉಣಿಸುವ ಕೈಯೇ ಅವಳನ್ನು ಕಟ್ಟಿಹಾಕುವ ಕೈಯೂ ಆಗಿರುವುದರಿಂದ, ನೋಡುವವರಿಗೆ ಯಾರನ್ನು ನಂಬಬೇಕೆಂದೇ ತಿಳಿಯುವುದಿಲ್ಲ.

ಹೆತ್ತ ಮೇಲಿನ ಕತೆಯೇ ಬೇರೆ. ಜೆನಿಫರ್ ಕೆಂಟ್ ನಿರ್ದೇಶನದ ಆಸ್ಟ್ರೇಲಿಯಾದ ‘ದಿ ಬಾಬಡೂಕ್’ (2014) ಗಂಡ ಸತ್ತ ತಾಯಿಯೊಬ್ಬಳ ನಿದ್ದೆಗೇಡು, ದಣಿವು, ಸ್ವಂತ ಮಗನ ಮೇಲೆಯೇ ಉಕ್ಕುವ ಸಿಟ್ಟು ಇವನ್ನು ತೋರಿಸುತ್ತದೆ. ತಾಯಿಗೆ ಸಿಟ್ಟು ಬರಲೇಬಾರದೆಂಬ ನಮ್ಮ ಮನೆಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಸರಿಯೇ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯವಿಷ್ಟು: ಉಬ್ಬಿದ ಹೊಟ್ಟೆಯನ್ನೇ ಅಸಹ್ಯದ ವಸ್ತುವಾಗಿಸಿ, ಹೆರುವವಳ ಮನಸ್ಸಿನ ಗೊಡವೆಗೇ ಹೋಗದ ಚಿತ್ರಗಳು ಬಹಳಿವೆ, ಅವನ್ನು ಸಮರ್ಥಿಸಲಾರೆ. ಆದರೆ ಬಸುರಿ ‘ಏನೋ ಸರಿಯಿಲ್ಲ’ ಎಂದಾಗ ಮನೆಮಂದಿಯೆಲ್ಲ ಅಲ್ಲಗಳೆದರೂ ಅವಳ ಮಾತನ್ನು ಪ್ರೇಕ್ಷಕರು ನಂಬುವಂತೆ ಮಾಡುವ ಚಿತ್ರ ತಾಯ್ತನವನ್ನು ಹಳಿಯುವುದಿಲ್ಲ, ತಾಯಿಯ ಪಕ್ಷ ವಹಿಸುತ್ತದೆ.