ಮೇಪಲ್ ಬಿಸ್ಕತ್ತು ಮಗುವಿನ ಡಬ್ಬಿಗೆ ದಿನವೂ ಹಾಕಬಹುದೇ?

ಪ್ರಶ್ನೆ: ನಾವು ಕೆನಡಾದ ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿದ್ದೇವೆ. ಐದು ವರ್ಷದ ಮಗನಿಗೆ ಎಲೆಯಾಕಾರದ ಮೇಪಲ್ ಕ್ರೀಮ್ ಬಿಸ್ಕತ್ತು ಎಂದರೆ ಪ್ರಾಣ. ಅದು ಮರದ ರಸದ್ದು, ಸಕ್ಕರೆಯಂತಲ್ಲ, ಖನಿಜಾಂಶಗಳೂ ಇವೆ ಎಂದು ಗೆಳತಿಯರು ಹೇಳುತ್ತಾರೆ. ದಿನವೂ ಶಾಲೆಯ ಡಬ್ಬಿಗೆ ಎರಡು ಹಾಕಬಹುದೇ?

ಉತ್ತರ: ದಿನವೂ ಬೇಡ. ವಾರಕ್ಕೆ ಒಂದೆರಡು ಸಲ ಸಿಹಿತಿಂಡಿಯ ಲೆಕ್ಕದಲ್ಲಿ ಕೊಡಿ, ಮಗು ಖುಷಿಯಾಗಿ ತಿನ್ನಲಿ. ಪೌಷ್ಟಿಕ ಆಹಾರದ ಲೆಕ್ಕಕ್ಕೆ ಮಾತ್ರ ಅದನ್ನು ಸೇರಿಸಬೇಡಿ.

ಗೆಳತಿಯರ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಸಿರಪ್ಪಿಗೆ ಸಲ್ಲುವ ಸತ್ಯ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಮಾರ್ಚ್–ಏಪ್ರಿಲ್ ದಿನಗಳಲ್ಲಿ ಮೇಪಲ್ ಮರಕ್ಕೆ ತೂತು ಕೊರೆದು ರಸ ಇಳಿಸುತ್ತಾರೆ. ಯುರೋಪಿಯನ್ನರು ಬರುವುದಕ್ಕೆ ಮೊದಲೇ ಅಲ್ಲಿನ ಮೂಲನಿವಾಸಿಗಳು ಕಂಡುಕೊಂಡಿದ್ದ ವಿದ್ಯೆ ಇದು. ರಸದಲ್ಲಿ ಸಕ್ಕರೆ ಇರುವುದು ಶೇಕಡ 2–3 ಮಾತ್ರ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸುವಂತೆ ಸುಮಾರು 40 ಲೀಟರ್ ರಸವನ್ನು ಬತ್ತಿಸಿದರೆ ಒಂದು ಲೀಟರ್ ಸಿರಪ್ ಸಿಗುತ್ತದೆ. ಅದರ 100 ಗ್ರಾಂನಲ್ಲಿ ಸುಮಾರು 60 ಗ್ರಾಂ ಸಕ್ಕರೆ, 260 ಕಿಲೋಕ್ಯಾಲರಿ, ಜೊತೆಗೆ ಮ್ಯಾಂಗನೀಸ್, ರೈಬೋಫ್ಲೇವಿನ್ (ಬಿ2 ಜೀವಸತ್ವ), ಅಲ್ಪಸ್ವಲ್ಪ ಕ್ಯಾಲ್ಸಿಯಂ, ಪೊಟ್ಯಾಸಿಯಂ ಇರುತ್ತವೆ. ಮ್ಯಾಂಗನೀಸ್ ನಿಜಕ್ಕೂ ಗಣನೀಯ. ಆದರೆ ಅರ್ಧ ಬಟ್ಟಲು ಓಟ್ಸ್ ಅಥವಾ ಒಂದು ರಾಗಿ ರೊಟ್ಟಿ ತಿಂದರೂ ಅದು ಸಾಕಷ್ಟು ಸಿಗುತ್ತದೆ, ಸಕ್ಕರೆಯ ಹೊರೆಯಿಲ್ಲದೆ.

ಇನ್ನು ಬಿಸ್ಕತ್ತಿಗೆ ಬನ್ನಿ. ಪೊಟ್ಟಣದ ಹಿಂಬದಿ ಓದಿ. ಮೊದಲ ಸಾಲಿನಲ್ಲಿ ಸಕ್ಕರೆ, ಮೈದಾ, ತಾಳೆ ಎಣ್ಣೆಯಂಥವೇ ಇರುತ್ತವೆ. ಮೇಪಲ್ ಸಿರಪ್ ಇದ್ದರೂ ಚೂರುಪಾರು. ಇಂಥ ಕ್ರೀಮ್ ಬಿಸ್ಕತ್ತಿನ 100 ಗ್ರಾಂನಲ್ಲಿ ಹೆಚ್ಚುಕಡಿಮೆ 480 ಕಿಲೋಕ್ಯಾಲರಿ, 30ರಿಂದ 40 ಗ್ರಾಂ ಸಕ್ಕರೆ ಸಾಮಾನ್ಯ. ಕೆನಡಾದ ಮೈದಾಕ್ಕೆ ಕಬ್ಬಿಣ, ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯವಾದ್ದರಿಂದ ಅವೂ ತುಸು ಸಿಗುತ್ತವೆ. ನಾರಿನಂಶ ಮಾತ್ರ ಹೆಸರಿಗಷ್ಟೆ.

ಒಂದು ಬಿಸ್ಕತ್ತು 16 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಎರಡು ತಿಂದರೆ ಸುಮಾರು 11 ಗ್ರಾಂ ಸಕ್ಕರೆ ಹೊಟ್ಟೆ ಸೇರಿತು. ದಿನದ ಶಕ್ತಿಯಲ್ಲಿ ಹೊರಗಿನಿಂದ ಸೇರುವ ಸಕ್ಕರೆಯ ಪಾಲು ಶೇಕಡ 10ಕ್ಕಿಂತ ಕಡಿಮೆ ಇರಲಿ, 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ. ಜೇನುತುಪ್ಪ, ಸಿರಪ್ಪುಗಳೂ ಈ ಲೆಕ್ಕಕ್ಕೇ ಸೇರುತ್ತವೆ. ಮರದ್ದು ಎಂಬ ರಿಯಾಯಿತಿ ಇಲ್ಲ. ದಿನಕ್ಕೆ 1400 ಕಿಲೋಕ್ಯಾಲರಿ ಬೇಕಾಗುವ ಮಗುವಿಗೆ ಶೇಕಡ 10 ಎಂದರೆ 140 ಕಿಲೋಕ್ಯಾಲರಿ; ಒಂದು ಗ್ರಾಂ ಸಕ್ಕರೆಗೆ 4 ಕಿಲೋಕ್ಯಾಲರಿಯಂತೆ 35 ಗ್ರಾಂ. ಅದರ ಮೂರನೇ ಒಂದು ಭಾಗ ಎರಡೇ ಬಿಸ್ಕತ್ತಿಗೆ ಮುಗಿಯಿತು.

ಪೊಟ್ಟಣದ ಮೇಲೆ ಅದೇ 11 ಗ್ರಾಂ ಸಕ್ಕರೆ ‘ಶೇಕಡ 11’ ಎಂದು ಕಾಣುತ್ತದೆ. ಕೆನಡಾದ ಲೇಬಲ್ ದಿನಕ್ಕೆ 100 ಗ್ರಾಂ ಸಕ್ಕರೆಯನ್ನು ಆಧಾರವಾಗಿ ಇಟ್ಟುಕೊಂಡಿದೆ. ಹಣ್ಣು, ಹಾಲಿನ ಸಹಜ ಸಕ್ಕರೆಯೂ ಅದರೊಳಗೆ ಬರುತ್ತದೆ. ಆದ್ದರಿಂದ ಬಿಸ್ಕತ್ತಿನ ಮಟ್ಟಿಗೆ ಶೇಕಡಾವಾರು ನೋಡಿ ಸಮಾಧಾನಪಡಬೇಡಿ, ಗ್ರಾಂ ನೋಡಿ. ಒಂದು ಸರ್ತಿಯ ಪ್ರಮಾಣ ಎಂದು ಎಷ್ಟು ಬಿಸ್ಕತ್ತು ಬರೆದಿದ್ದಾರೆ ಎಂಬುದನ್ನೂ ನೋಡಿ.

ಇನ್ನೊಂದು ವಿಷಯ. ಮೇಪಲ್ ಪರಿಮಳ ಇದ್ದ ಮಾತ್ರಕ್ಕೆ ಮೇಪಲ್ ಇದೆ ಎಂದಲ್ಲ. ನಮ್ಮ ಮೆಂತ್ಯದಲ್ಲಿರುವ ಸೊಟೊಲಾನ್ ಎಂಬ ಅಂಶ ತೀರಾ ಕಡಿಮೆ ಪ್ರಮಾಣದಲ್ಲಿ ಮೇಪಲ್ ಸಿರಪ್ಪಿನಂತೆಯೇ ಘಮಘಮಿಸುತ್ತದೆ. ನಕಲಿ ಮೇಪಲ್ ಪರಿಮಳಕ್ಕೆ ಮೆಂತ್ಯದ ಸಾರವನ್ನು ಬಳಸುವುದುಂಟು.

ಡಬ್ಬಿಗೆ ದಿನನಿತ್ಯ ಸೇಬಿನ ಹೋಳು, ಚೀಸ್ ತುಂಡು, ಪಲ್ಯ ಸುತ್ತಿದ ಚಪಾತಿ ಇರಲಿ. ಬಿಸ್ಕತ್ತನ್ನು ಮನೆಯಲ್ಲಿ, ಊಟದ ಜೊತೆಗೇ ಕೊಡಿ. ಆಗಾಗ ಬಾಯಾಡಿಸುತ್ತಿದ್ದರೆ ಹಲ್ಲಿಗೆ ಅಂಟಿದ ಕ್ರೀಮಿನಿಂದ ಹುಳುಕು ಬೇಗ ಬರುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರಿಗೂ ಇದು ಸಕ್ಕರೆಯೇ.

ಬಿಡುವಿದ್ದರೆ ನೀವೇ ಮಾಡಿ ನೋಡಿ. ಓಟ್ಸ್ ಮತ್ತು ಗೋಧಿ ಹಿಟ್ಟಿಗೆ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಅಪ್ಪಟ ಸಿರಪ್ಪಿನಲ್ಲಿ ಕಲಸಿ. ‘ಡಾರ್ಕ್’ ದರ್ಜೆಯದನ್ನು ಕೊಳ್ಳಿ. ಅದರ ರುಚಿ ಗಾಢವಾಗಿರುವುದರಿಂದ ಕಡಿಮೆ ಹಾಕಿದರೂ ಸಾಕು. ಬೇಗ ಕೆಂಪಾಗುತ್ತದೆ, ಓವನ್ನಿನ ಉರಿ ಸ್ವಲ್ಪ ತಗ್ಗಿಸಿ. ಮನೆಯಲ್ಲಿ ತಿನ್ನಲು ಅಕ್ರೋಟು ಸೇರಿಸಿದರೆ ಬಹಳ ರುಚಿ. ಡಬ್ಬಿಗೆ ಹಾಕುವ ದಿನ ಅದನ್ನು ಬಿಡಿ. ಅಲರ್ಜಿ ಇರುವ ಮಕ್ಕಳಿಗಾಗಿ ಅಲ್ಲಿನ ಹಲವು ಶಾಲೆಗಳು ಅಂಥ ತಿಂಡಿ ತರಬೇಡಿ ಎಂದು ಹೇಳಿರುತ್ತವೆ.